ಕೊನೆಕೊಯ್ಲು ಮುಗಿದ ಮೇಲೆ ಮಲಗಿದರಾಯ್ತು ಅನ್ನುವವರಿಗೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ಪತ್ರಗಳು ಸೊಂಟನೋವು, ತಲೆನೋವು, ಬಿಪಿ, ಮರೆವು, ಸಿಟ್ಟು ಅಂತ ಶುರುವಾಗಿವೆ. ನಾಲ್ಕು ಸಾಲು ಓದುವಷ್ಟರಲ್ಲಿ "ನಿದ್ದೆ ಅಷ್ಟಕ್ಕಷ್ಟೇ" ಅನ್ನುವ ಮಾತು ಬಂದೇ ಬರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿರಲಿ, ಕರಾವಳಿಯಲ್ಲಿರಲಿ, ಎಲ್ಲ ಕೆಲಸ ಮುಗಿದು ಹೊತ್ತು ಮಿಕ್ಕಿದರೆ ಮಲಗುವುದು ಅನ್ನುವ ರೂಢಿ ಇದೆ. ಇದನ್ನು ತಿರುಗಿಸಬೇಕು. ಮೊದಲು ನಿದ್ದೆಯ ಹೊತ್ತು ತೆಗೆದಿಡಿ, ಉಳಿದ ಹೊತ್ತಿಗೆ ಕೆಲಸ ಹೊಂದಿಸಿ. ಹೇಳಿದಷ್ಟು ಸುಲಭ ಅಲ್ಲ ಅಂತ ಗೊತ್ತು. ಅದಕ್ಕೇ ಒಬ್ಬೊಬ್ಬರ ಕೆಲಸ ನೋಡಿಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ನನಗೆ 43 ವರ್ಷ. ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾದರೆ ರಾತ್ರಿ ಊಟ ಮುಗಿಸಿ ಅಡಿಕೆ ಸುಲಿಯಲು ಕೂರುತ್ತೇವೆ, ಏಳುವಾಗ ಹನ್ನೆರಡೂವರೆ. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆ ಕೆಲಸ. ಮಧ್ಯಾಹ್ನ ಸ್ವಲ್ಪ ಅಡ್ಡಾದರೆ ಮನೆಯಲ್ಲಿ ಮಾತು ಬರುತ್ತದೆ. ಇಷ್ಟೇ ನಿದ್ದೆಗೆ ಮೈ ಒಗ್ಗಿಹೋಗಿದೆ ಅನಿಸುತ್ತದೆ. ಆದರೆ ಈಚೆಗೆ ಸಣ್ಣದಕ್ಕೂ ಸಿಟ್ಟು, ಹಾಲು ಒಲೆ ಮೇಲಿಟ್ಟು ಮರೆಯುತ್ತೇನೆ. ಇದು ವಯಸ್ಸಿನದ್ದಾ ಡಾಕ್ಟ್ರೇ?

ಉತ್ತರ: ಅಲ್ಲ ಅಕ್ಕ. 43 ಮರೆವಿನ ವಯಸ್ಸಲ್ಲ. ನೀವು ಮಲಗುವುದು ನಾಲ್ಕೂವರೆ ಗಂಟೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ದಿನಾ ಎರಡೂವರೆ ಗಂಟೆ ಕಡಿಮೆ ಬೀಳುತ್ತಿದೆ, ಅದೂ ತಿಂಗಳುಗಟ್ಟಲೆ.

"ಒಗ್ಗಿಹೋಗಿದೆ" ಅಂದಿರಲ್ಲ, ಅಲ್ಲೇ ಇರುವುದು ಅಪಾಯ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನು 14 ದಿನ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿಸಿ ನೋಡಿದರು. ಕೊನೆಕೊನೆಗೆ ಅವರ ಗಮನ ಮತ್ತು ನೆನಪಿನ ಶಕ್ತಿ ಎಷ್ಟು ಕುಸಿದಿತ್ತೆಂದರೆ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಬಂದಿತ್ತು. ವಿಚಿತ್ರ ಏನೆಂದರೆ, ತಮಗೆ ಅಂಥಾ ನಿದ್ದೆಗೇಡೇನೂ ಆಗಿಲ್ಲ ಅಂತಲೇ ಅವರು ಅಂದುಕೊಂಡಿದ್ದರು. ಮೈ ಒಗ್ಗುವುದಿಲ್ಲ ಅಕ್ಕ. ಸುಸ್ತು ಗೊತ್ತಾಗುವುದು ನಿಲ್ಲುತ್ತದೆ, ಅಷ್ಟೇ.

ನಿದ್ದೆಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಜಾಸ್ತಿ, ಅದು ಮೈ ದಣಿವಿಗೆ ಬೇಕು. ಕನಸು ಬೀಳುವ ನಿದ್ದೆ ಬೆಳಗಿನ ಜಾವದ ಕಡೆಗೆ ಜಾಸ್ತಿ. ನೆನಪು, ಮನಸ್ಸಿನ ಹದ ಇವೆರಡಕ್ಕೂ ಅದು ಬೇಕು. ಐದಕ್ಕೆ ಎದ್ದಾಗ ನಿಮಗೆ ತಪ್ಪಿಹೋಗುವುದು ಈ ಎರಡನೆಯದ್ದೇ. ಸಿಟ್ಟು ನಿಮ್ಮ ಸ್ವಭಾವ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ತೂಕಡಿಸಿದವರ ಹೆಬ್ಬೆರಳಿಗೆ ನಾನು ಹೊಲಿಗೆ ಹಾಕಿದ್ದೇನೆ. ಗಾಯ ಆಗುವುದು ಬರೀ ಅವಸರಕ್ಕಲ್ಲ. ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಕಣ್ಣು ಒಂದೆರಡು ಕ್ಷಣ ಮುಚ್ಚಿರುತ್ತದೆ, ಕೂತವರಿಗೆ ಅದು ಗೊತ್ತೇ ಇರುವುದಿಲ್ಲ.

ಕೆಂಪಡಿಕೆಗೆ ಹಸಿ ಕಾಯಿ ಸುಲಿದು ಬೇಯಿಸುವುದನ್ನು ಮುಂದೂಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಿದ ಮೇಲೆ ಕಾಯುತ್ತದೆ. ಅದನ್ನು ರಾತ್ರಿ ಸುಲಿಯುವ ಅಗತ್ಯ ಏನಿದೆ? ಹಸಿ ಅಡಿಕೆಗೂ ಹತ್ತು ಗಂಟೆ ಅಂತ ಒಂದು ಗಡಿ ಹಾಕಿ. ಸುಲಿಯುವ ಯಂತ್ರ ಬಾಡಿಗೆಗೆ ಸಿಗುವ ಕಡೆ ತರಿಸಿ. ಆ ಖರ್ಚನ್ನು ಔಷಧದ ಖರ್ಚಿನ ಜೊತೆ ಇಟ್ಟು ನೋಡಿದರೆ ಜಾಸ್ತಿ ಅನಿಸುವುದಿಲ್ಲ. ಬೆಳಗಿನ ಕೊಟ್ಟಿಗೆ ಕೆಲಸವನ್ನು ವಾರಕ್ಕೆ ಮೂರು ದಿನವಾದರೂ ಮನೆಯ ಬೇರೆಯವರು ಮಾಡಲಿ.

ಸುಲಿಯುವಾಗ ಕುಡಿಯುವ ಚಹಾ, ಕಾಫಿಯಲ್ಲಿ ಕೆಫೀನ್ ಇದೆ, ಅದರ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದದ್ದರಲ್ಲಿ ಅರ್ಧ ಎರಡು ಗಂಟೆಗೂ ಉಳಿದಿರುತ್ತದೆ. ಅದರ ಬದಲು ಕೊತ್ತಂಬರಿ-ಜೀರಿಗೆ ಕಷಾಯ ಕುಡಿಯಿರಿ. ಕವಳವೂ (ಎಲೆಅಡಿಕೆ) ಅಷ್ಟೇ. ಅಡಿಕೆ, ಹೊಗೆಸೊಪ್ಪು ಎರಡೂ ಎಚ್ಚರ ತರಿಸುವವು, ಬಾಯಿಗೆ ಅದರಿಂದ ಆಗುವ ಕೆಡುಕು ಬೇರೆ.

ಮಧ್ಯಾಹ್ನ ಊಟದ ಮೇಲೆ 20 ನಿಮಿಷ ಅಡ್ಡಾಗಿ. ಮೂರು ಗಂಟೆಯೊಳಗೆ ಎದ್ದುಬಿಡಿ. ಮಾತು ಬಂದರೆ ಡಾಕ್ಟರು ಹೇಳಿದ್ದಾರೆ ಅನ್ನಿ. ಈ ಉತ್ತರವನ್ನೇ ಮನೆಯವರಿಗೆ ಓದಿ ಹೇಳಿ, ಅದರಲ್ಲೂ ಮಾತಾಡುವವರ ಎದುರಿಗೆ. ಹೆಂಗಸರ ವಿಶ್ರಾಂತಿಗೆ ಸೋಮಾರಿತನ ಅನ್ನುವ ಹೆಸರಿಟ್ಟು ನಮ್ಮ ಮನೆಗಳು ಎಷ್ಟು ಜನರ ಆರೋಗ್ಯ ಹಾಳುಮಾಡಿವೆ ಅಂತ ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಮ್ಮೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಅದರ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ. ರಾತ್ರಿ ಬೆವರು, ಮೈಬಿಸಿ, ಮುಟ್ಟಿನ ಏರುಪೇರು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಈ ವಯಸ್ಸಿನಲ್ಲಿ ಅದು ಶುರುವಾಗುವುದುಂಟು.

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ, ಲಾರಿ ಡ್ರೈವರ್. ಅಂಕೋಲಾದಿಂದ ಹುಬ್ಬಳ್ಳಿಗೆ ರಾತ್ರಿ ಟ್ರಿಪ್ ಜಾಸ್ತಿ. ಮಲಗಿದರೆ ಪಕ್ಕದ ಮನೆಗೆ ಕೇಳುವಷ್ಟು ಗೊರಕೆ. ನಡುವೆ ಉಸಿರು ನಿಂತ ಹಾಗಾಗಿ ಒಮ್ಮೆಲೇ ಏದುಸಿರು ಬಿಡುತ್ತಾರೆ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆನೋವು. ಅರಬೈಲ್ ಘಟ್ಟದಲ್ಲಿ ಒಂದು ಸಲ ಕಣ್ಣು ಎಳೆಯಿತಂತೆ. ಗೊರಕೆ ಅಂದರೆ ಒಳ್ಳೇ ನಿದ್ದೆ ಅಲ್ವಾ?

ಉತ್ತರ: ಅಲ್ಲ ತಂಗಿ. ದಯವಿಟ್ಟು ಇದನ್ನು ಮುಂದೆ ಹಾಕಬೇಡಿ. ನೀವು ಬರೆದದ್ದೆಲ್ಲ ಸ್ಲೀಪ್ ಆಪ್ನಿಯಾ ಅನ್ನುವ ತೊಂದರೆಯ ಲಕ್ಷಣ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಗಾಳಿ ಹೋಗುವ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಗಾಬರಿಯಾಗಿ ಅವರನ್ನು ಅರೆ ಎಚ್ಚರ ಮಾಡುತ್ತದೆ, ಆಗಲೇ ಆ ಏದುಸಿರು. ಇದು ರಾತ್ರಿಯಿಡೀ ನಡೆದರೂ ಬೆಳಿಗ್ಗೆ ಅವರಿಗೆ ಒಂದೂ ನೆನಪಿರುವುದಿಲ್ಲ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಮಾತ್ರ ಚೂರುಚೂರು. ಬಿಟ್ಟರೆ ಬಿಪಿ ಏರುತ್ತದೆ, ಹೃದಯಕ್ಕೂ ಮಿದುಳಿಗೂ ಪೆಟ್ಟು.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಅವರು ಮಲಗಿರುವಾಗ ಗೊರಕೆ ನಿಂತು ಮತ್ತೆ ಶುರುವಾಗುವುದು ಕೇಳುವ ಹಾಗೆ ಐದಾರು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಾಕ್ಟರಿಗೆ ಅದನ್ನು ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ. ಕುತ್ತಿಗೆಯ ಸುತ್ತಳತೆ ಟೇಪಿನಲ್ಲಿ ಅಳೆಯಿರಿ, 40 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಅದನ್ನೂ ಹೇಳಿ. ಬಿಪಿ ನೋಡಿಸಿ. ಕಿವಿ-ಮೂಗು-ಗಂಟಲಿನ ಡಾಕ್ಟರು ಅಥವಾ ಶ್ವಾಸಕೋಶದ ಡಾಕ್ಟರು ರಾತ್ರಿ ಮಲಗಿಸಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆಗೆ ಬರೆದುಕೊಡುತ್ತಾರೆ. ತೊಂದರೆ ಜಾಸ್ತಿ ಇದ್ದರೆ ಸಿಪ್ಯಾಪ್ ಅನ್ನುವ ಯಂತ್ರ ಕೊಡುತ್ತಾರೆ. ಅದು ಮೂಗಿನ ಮುಖವಾಡದಿಂದ ಗಾಳಿ ಒತ್ತಿ ದಾರಿ ತೆರೆದಿಡುತ್ತದೆ. ಮೊದಲ ಕೆಲವು ರಾತ್ರಿ ಕಿರಿಕಿರಿಯಾಗುತ್ತದೆ, ಬಿಟ್ಟುಬಿಡಲು ಕೊಡಬೇಡಿ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು ಇವೂ ಬೇಕು.

ಈಗ ಅವರಿಗೇ ಒಂದು ಮಾತು. ಅಣ್ಣಾ, 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳೆದು ನೋಡಿದ್ದಾರೆ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟು ಕೆಟ್ಟಿರುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಘಟ್ಟ ಹತ್ತಿದರೆ, ಕುಡಿಯದೇ ಕುಡಿದ ಹಾಗೆ. ನಿಮಗೆ ಅದರ ಮೇಲೆ ಆಪ್ನಿಯಾ. ಕಿಟಕಿ ತೆಗೆಯುವುದು, ಹಾಡು ಜೋರಾಗಿ ಹಾಕುವುದು ನಿದ್ದೆಯನ್ನು ಓಡಿಸುವುದಿಲ್ಲ. ಕಣ್ಣು ಎಳೆದರೆ ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 20 ನಿಮಿಷ ಮಲಗಿ, ಎದ್ದು ಮುಖ ತೊಳೆದು ಹೊರಡಿ. ಪರೀಕ್ಷೆ ಆಗಿ ಚಿಕಿತ್ಸೆ ಶುರುವಾಗುವ ತನಕ ರಾತ್ರಿ ಟ್ರಿಪ್ ಬೇಡ. ದುಡಿಮೆಗೆ ಪೆಟ್ಟು ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಪ್ರಶ್ನೆ: ಕುಮಟಾದವನು, 70 ವರ್ಷ, ನಿವೃತ್ತ ಮಾಸ್ತರ. ಎಂಟೂವರೆಗೆ ಮಲಗಿದರೆ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ವರ್ಷಗಳ ಹಿಂದೆ ಬರೆದುಕೊಟ್ಟ ನಿದ್ದೆ ಮಾತ್ರೆ ಈಗಲೂ ತಗೊಳ್ಳುತ್ತಿದ್ದೇನೆ, ಉಪಯೋಗ ಕಾಣುತ್ತಿಲ್ಲ. ಡೋಸ್ ಜಾಸ್ತಿ ಮಾಡಬಹುದಾ?

ಉತ್ತರ: ಮಾಸ್ತರೇ, ಲೆಕ್ಕ ಹಾಕಿ. ಎಂಟೂವರೆಯಿಂದ ಮೂರಕ್ಕೆ ಆರೂವರೆ ಗಂಟೆ ಆಯ್ತು. ಮಧ್ಯಾಹ್ನ ಊಟ ಮುಗಿಸಿ ಮಲಗುವ ಅಭ್ಯಾಸ ಇದ್ದರೆ ಅದನ್ನೂ ಕೂಡಿಸಿ. ನಿಮಗೆ ನಿದ್ದೆ ಬರುತ್ತಿದೆ, ಬೇಗ ಮುಗಿದುಹೋಗುತ್ತಿದೆ. ಡೋಸ್ ಜಾಸ್ತಿ ಮಾಡುವ ಮಾತೇ ಬೇಡ. ಈ ವಯಸ್ಸಿನಲ್ಲಿ ನಿದ್ದೆ ಮಾತ್ರೆ ತಗೊಂಡವರು ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಹಗಲು ಮಂಕು, ಮರೆವು ಸಹ ಅದರಿಂದಲೇ ಬರಬಹುದು.

ಹಾಗಂತ ನಾಳೆಯೇ ಥಟ್ಟನೆ ಬಿಡಬೇಡಿ. ಬಹಳ ದಿನ ತಗೊಂಡ ಕೆಲವು ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಪೂರ್ತಿ ಹಾರಿಹೋಗುತ್ತದೆ, ಫಿಟ್ಸ್ ಬರುವ ಅಪಾಯವೂ ಇದೆ. ಮಾತ್ರೆಯ ಪಟ್ಟಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುವ ಕ್ರಮ ಅವರು ಬರೆದುಕೊಡುತ್ತಾರೆ.

ಜೊತೆಗೆ ಮಲಗುವ ಹೊತ್ತು ಬದಲಿಸಿ. ಹತ್ತಕ್ಕೆ ಮುಂಚೆ ಹಾಸಿಗೆ ಬೇಡ. ಸಂಜೆ ಬೇಗ ಕಣ್ಣು ಎಳೆದರೆ ಎದ್ದು ಅಂಗಳದಲ್ಲಿ ಓಡಾಡಿ. ಬೆಳಿಗ್ಗೆ ಯಾವ ರಾತ್ರಿ ಹೇಗೇ ಕಳೆದಿರಲಿ, ಐದೂವರೆಗೆ ಏಳಿ. ನಡುವೆ ಎಚ್ಚರವಾಗಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಹೊರಳಾಡುತ್ತ ಮಲಗಿರಬೇಡಿ, ಗಡಿಯಾರವನ್ನೂ ನೋಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ, ಕಣ್ಣು ತೂಗಿದ ಮೇಲೆ ಮಲಗಿ. ಮಧ್ಯಾಹ್ನದ್ದು ಅರ್ಧ ಗಂಟೆ ಸಾಕು. ಹಳೇ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಮಾಡಬೇಕಾದ ಚಿಕಿತ್ಸೆಯ ಮುಖ್ಯ ಭಾಗವೇ ಇದು. ಮೊದಲ ಒಂದೆರಡು ವಾರ ಕಷ್ಟವಾಗುತ್ತದೆ, ಹಗಲು ನಿದ್ದೆ ತೂಗುತ್ತದೆ, ಆಗ ಸ್ಕೂಟರ್ ಓಡಿಸಬೇಡಿ. ರಾತ್ರಿ ಪದೇಪದೇ ಮೂತ್ರಕ್ಕೆ ಏಳಬೇಕಾಗುತ್ತಿದ್ದರೆ ಸಕ್ಕರೆ ಮತ್ತು ಪ್ರಾಸ್ಟೇಟ್ ಎರಡನ್ನೂ ನೋಡಿಸಿ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ಬೋಟಿನ ಕೆಲಸ. ರಾತ್ರಿ ಸಮುದ್ರಕ್ಕೆ ಹೋಗಿ ಬೆಳಿಗ್ಗೆ ಬರುತ್ತೇನೆ. ಹಗಲು ಸೆಕೆ, ಗಲಾಟೆ. ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತದೆ. ತಪ್ಪಾ?

ಉತ್ತರ: ಮದ್ಯ ಬೇಗ ಮಲಗಿಸುತ್ತದೆ ತಮ್ಮ, ಎರಡು-ಮೂರು ಗಂಟೆ ಕಳೆದ ಮೇಲೆ ನಿದ್ದೆ ಒಡೆಯುತ್ತದೆ. ಮೊದಮೊದಲು ಎರಡು ಪೆಗ್, ಆಮೇಲೆ ಅಷ್ಟು ಸಾಲದು. ಬಿಟ್ಟುಬಿಡು.

ನಮ್ಮ ಮೈಯೊಳಗೆ ಬೆಳಕು-ಕತ್ತಲೆ ನೋಡಿ ನಡೆಯುವ ಗಡಿಯಾರವಿದೆ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದವರಿಗೇ 2017ರಲ್ಲಿ ವೈದ್ಯಕೀಯ ನೊಬೆಲ್ ಸಿಕ್ಕಿದ್ದು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದ ಕೂಡಲೇ ಆ ಗಡಿಯಾರ "ಹಗಲಾಯ್ತು" ಅನ್ನುತ್ತದೆ. ಅದಕ್ಕೆ ಬಂದರಿನಿಂದ ಮನೆಗೆ ಬರುವಾಗ ಕಪ್ಪು ಕನ್ನಡಕ, ಟೋಪಿ ಹಾಕಿಕೊ. ತೂಕಡಿಸುತ್ತಿದ್ದರೆ ಬೈಕ್ ಬೇಡವೇ ಬೇಡ, ಯಾರಾದರೂ ಬಿಡಲಿ. ಸ್ನಾನ ಮಾಡಿ, ಗಂಜಿ ಊಟ ಮಾಡಿ, ತಡ ಮಾಡದೆ ಮಲಗು. ನಿದ್ದೆ ಬರಲು ಮೈ ಸ್ವಲ್ಪ ತಂಪಾಗಬೇಕು, ಹೆಂಚಿನ ಮನೆಯಾದರೆ ಬಿಸಿಲು ಬೀಳದ ಬದಿಯ ಕೋಣೆ ಆರಿಸಿಕೊ. ಕಿಟಕಿಗೆ ದಪ್ಪ ಬಟ್ಟೆ, ಫ್ಯಾನ್, ಫೋನ್ ಬೇರೆ ಕೋಣೆಯಲ್ಲಿ. ಮನೆಯವರು ರಾತ್ರಿ ಹನ್ನೆರಡಕ್ಕೆ ನಿನ್ನನ್ನು ಎಬ್ಬಿಸುತ್ತಾರಾ? ಹಗಲು ಹನ್ನೆರಡಕ್ಕೂ ಎಬ್ಬಿಸಬಾರದು, ಹಾಗಂತ ಹೇಳಿಬಿಡು. ಒಂದೇ ಸಲಕ್ಕೆ ಆಗದಿದ್ದರೆ ಬೆಳಿಗ್ಗೆ ಐದು ಗಂಟೆ, ಬೋಟಿಗೆ ಹೋಗುವ ಮುಂಚೆ ಎರಡು ಗಂಟೆ ಅಂತ ಎರಡು ಕಂತು ಮಾಡಬಹುದು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇದೆಯಲ್ಲ, ಆಗ ರಾತ್ರಿಯೇ ಮಲಗು. ಇಸ್ಪೀಟು, ಮೊಬೈಲು ಅಂತ ಆ ಎರಡು ತಿಂಗಳನ್ನೂ ಕಳೆಯಬೇಡ.

ಪ್ರಶ್ನೆ: ಹೊನ್ನಾವರದಿಂದ. ಮಗ ದ್ವಿತೀಯ ಪಿಯುಸಿ, ರಾತ್ರಿ ಎರಡರ ತನಕ ಓದುತ್ತಾನೆ. ಎಬ್ಬಿಸಿದರೆ ಏಳುವುದಿಲ್ಲ. ಬೈಯಬೇಕಾ, ಬಿಡಬೇಕಾ?

ಉತ್ತರ: ಬೈಯಬೇಡಿ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ಸ್ವಲ್ಪ ಮುಂದೆ ಹೋಗಿರುತ್ತದೆ, ಅದು ಅವನ ಹಠ ಅಲ್ಲ. 18ರ ತನಕ ಮಕ್ಕಳಿಗೆ 8ರಿಂದ 10 ಗಂಟೆ ಬೇಕು. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ, ಆದ್ದರಿಂದ ಹನ್ನೊಂದರಿಂದ ಎರಡರ ತನಕ ಓದಿದ್ದು ಲಾಭಕ್ಕಿಂತ ನಷ್ಟವೇ ಜಾಸ್ತಿ. ಹತ್ತೂವರೆಗೆ ಪುಸ್ತಕ ಮುಚ್ಚಲಿ. ಕಾಲೇಜಿನ ಬಸ್ಸಿನ ಹೊತ್ತು ನೋಡಿಕೊಂಡು ಏಳುವ ಸಮಯ ಗೊತ್ತುಮಾಡಿ, ಭಾನುವಾರವೂ ಅದಕ್ಕಿಂತ ಒಂದು ಗಂಟೆ ಮಾತ್ರ ಜಾಸ್ತಿ. ಎದ್ದ ಕೂಡಲೇ ಹತ್ತು ನಿಮಿಷ ಹೊರಗೆ ಬೆಳಕಿನಲ್ಲಿ ನಿಲ್ಲಲಿ. ಎರಡರ ತನಕ ಪುಸ್ತಕದ ಪಕ್ಕದಲ್ಲಿ ಫೋನ್ ಇರುತ್ತದಾ ಅಂತ ಒಮ್ಮೆ ನೋಡಿ. ಇದ್ದರೆ ಅವನದ್ದೊಂದೇ ಕಿತ್ತುಕೊಳ್ಳಬೇಡಿ. ರಾತ್ರಿ ಹತ್ತಾದ ಮೇಲೆ ನಿಮ್ಮದು, ಅವರಪ್ಪಂದು, ಅವನದ್ದು, ಮೂರನ್ನೂ ಜಗಲಿಯಲ್ಲಿ ಚಾರ್ಜಿಗೆ ಹಾಕಿಡಿ.