ಶೆವೆಲ್‌ನ 400 ಇಂಜಿನ್: ಸ್ಮಾಲ್ ಬ್ಲಾಕೋ, ಬಿಗ್ ಬ್ಲಾಕೋ?

ಪ್ರಶ್ನೆ: ನಮ್ಮಣ್ಣ ಡಲ್ಲಾಸ್‌ನಲ್ಲಿದಾನೆ, 1970ರ ಶೆವರ್ಲೆ ಶೆವೆಲ್ ಒಂದನ್ನ ನೋಡಿಟ್ಟಿದಾನೆ. ಮಾರೋರು '400 ಇಂಜಿನ್, ಬಿಗ್ ಬ್ಲಾಕ್' ಅಂತಿದಾರೆ, ಅವನ ಫ್ರೆಂಡ್ 400 ಅಂದ್ರೆ ಸ್ಮಾಲ್ ಬ್ಲಾಕೇ ಅಂತಾನೆ. ಯಾರ ಮಾತು ಸರಿ ಸಾರ್? ಓಡ್ಸೋಕೆ ಯಾವ್ದು ಒಳ್ಳೇದು?
– ಓದುಗರೊಬ್ಬರು, ಹಾಸನ

ಉತ್ತರ: ಕಾರಿನ ಬಾನೆಟ್ ಎತ್ತದೆ ಹೇಳಕ್ಕಾಗಲ್ಲ, ಯಾಕಂದ್ರೆ ಆ ವರ್ಷ ಶೆವೆಲ್‌ಗೆ 400 (ಅಂದ್ರೆ ಕ್ಯೂಬಿಕ್ ಇಂಚಲ್ಲಿ ಇಂಜಿನ್ ಅಳತೆ) ಅನ್ನೋ ಹೆಸರಲ್ಲೇ ಎರಡು ಇಂಜಿನ್ ಬರ್ತಿತ್ತು. ಟರ್ಬೋ-ಫೈರ್ 400 ಸ್ಮಾಲ್ ಬ್ಲಾಕ್, 265 ಹಾರ್ಸ್‌ಪವರ್. ಟರ್ಬೋ-ಜೆಟ್ 400 ಬಿಗ್ ಬ್ಲಾಕ್, 330 ಹಾರ್ಸ್‌ಪವರ್, ಅದರ ಅಸಲಿ ಅಳತೆ 402 ಕ್ಯೂಬಿಕ್ ಇಂಚು, ಅದೇ 402ನ ಶೆವೆಲ್‌ನ ಸ್ಪೋರ್ಟ್ ಮಾಡೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್) ಕಾರಲ್ಲಿ 396 ಅಂತ ಹಳೇ ಹೆಸರಲ್ಲೇ ಮಾರಿದ್ರು, ಗೊಂದಲ ಆಗದೆ ಇನ್ನೇನಾಗತ್ತೆ!

ಸಿಸಿ ಎಷ್ಟು ಅನ್ನೋದರ ಮೇಲೆ ಸ್ಮಾಲ್, ಬಿಗ್ ಅನ್ನೋ ಹೆಸರು ನಿಂತಿಲ್ಲ, ಬ್ಲಾಕ್ (ಸಿಲಿಂಡರ್‌ಗಳಿರೋ ಇಂಜಿನ್‌ನ ಮುಖ್ಯ ಭಾಗ) ಯಾವ್ದು ಅನ್ನೋದರ ಮೇಲೆ ನಿಂತಿದೆ. ಶೆವರ್ಲೆಯಲ್ಲಿ ಪಕ್ಕಪಕ್ಕದ ಎರಡು ಸಿಲಿಂಡರ್‌ಗಳ ಸೆಂಟರಿಂದ ಸೆಂಟರಿಗೆ 4.4 ಇಂಚು ಇದ್ರೆ ಅದು 1955ರಿಂದ ಬಂದ ಸ್ಮಾಲ್ ಬ್ಲಾಕ್, 4.84 ಇದ್ರೆ 1965ರ ಬಿಗ್ ಬ್ಲಾಕ್. ಸ್ಮಾಲ್ ಬ್ಲಾಕ್‌ನ ಅಷ್ಟು ಇಕ್ಕಟ್ಟಲ್ಲೇ 400 ಮಾಡೋಕೆ ಬೋರ್ (ಸಿಲಿಂಡರ್‌ನ ಒಳ ಅಗಲ) ಎಷ್ಟು ಅಗಲ ಮಾಡಿದ್ರು ಅಂದ್ರೆ ಸಿಲಿಂಡರ್ ಗೋಡೆಗಳು ಒಂದಕ್ಕೊಂದು ಅಂಟ್ಕೊಂಡೇ ಇವೆ, ನಡುವೆ ನೀರು ಹರಿಯೋಕೆ ಜಾಗ ಇಲ್ಲ, ಅದಕ್ಕೇ ಆವಿ ಹೋಗಲಿ ಅಂತ ಸಿಲಿಂಡರ್‌ಗಳ ಮೇಲೆ ಕೂರೋ ಹೆಡ್‌ನಲ್ಲಿ ಸಣ್ಣ ತೂತು ಕೊರೆದಿರ್ತಾರೆ. ಯಾರಾದ್ರೂ ಆ ತೂತಿಲ್ಲದ, 350 ಅನ್ನೋ ಇನ್ನೊಂದು ಸ್ಮಾಲ್ ಬ್ಲಾಕ್‌ನ ಹೆಡ್ ಹಂಗೇ ತಂದು ಕೂರಿಸಿದ್ರೆ ಇಂಜಿನ್ ಹೀಟ್ ಆಗೋ ಚಾನ್ಸ್ ಜಾಸ್ತಿ, ಹೆಡ್ ಬದಲಾಗಿದೆಯಾ ಅಂತ ಅಣ್ಣ ಕೇಳ್ಲೇಬೇಕು.

ಗುರುತು ಹಿಡಿಯೋದು ಸುಲಭ, ಇಂಜಿನ್ ಮೇಲೆ ಎರಡು ಪಕ್ಕ ಇರೋ ವಾಲ್ವ್ ಕವರ್‌ಗಳ ಬೋಲ್ಟ್ ಎಣಿಸಿ: ಒಂದು ಕವರ್‌ಗೆ ನಾಲ್ಕಿದ್ರೆ ಸ್ಮಾಲ್, ಏಳಿದ್ರೆ ಬಿಗ್. ಬ್ಯಾಡ್ಜ್ ನಂಬ್ಬೇಡಿ, ಅದನ್ನ ಯಾರು ಬೇಕಾದ್ರೂ ಅಂಟಿಸ್ತಾರೆ. ಆ ವರ್ಷದ ವಿಐಎನ್ (ಗಾಡಿಯ ಗುರುತಿನ) ನಂಬರಲ್ಲೂ ವಿ8, ಅಂದ್ರೆ ಎಂಟು ಸಿಲಿಂಡರ್ ಇಂಜಿನ್, ಅಂತ ಮಾತ್ರ ಗೊತ್ತಾಗತ್ತೆ, ಯಾವ ವಿ8 ಅಂತ ಗೊತ್ತಾಗಲ್ಲ, ಕಾರಿಗೆ ಏನೇನು ಹಾಕಿದ್ರು ಅಂತ ಬರೆದಿರೋ ಫ್ಯಾಕ್ಟರಿ ಬಿಲ್ಡ್ ಶೀಟ್ ಇದ್ರೆ ಕೇಳಿ ನೋಡ್ಲಿ.

ಓಡ್ಸೋಕೆ ಅಂದ್ರೆ ನನ್ನ ಓಟು ಸ್ಮಾಲ್ ಬ್ಲಾಕ್‌ಗೆ. ಬಿಗ್ ಬ್ಲಾಕ್‌ನ ಟಾರ್ಕ್ ಮುಂದೆ ಅದು ನಿಲ್ಲಲ್ಲ ನಿಜ, ಅದೇ ವರ್ಷದ ದೊಡ್ಡ ಬಿಗ್ ಬ್ಲಾಕ್ 454 ಎಲ್‌ಎಸ್6 ಕಂಪನಿ ಲೆಕ್ಕದಲ್ಲೇ 450 ಹಾರ್ಸ್‌ಪವರ್, ನೇರ ರೋಡಲ್ಲಿ ಅದರ ಎಳೆತವೇ ಬೇರೆ. ಆದ್ರೆ ಬಿಗ್ ಬ್ಲಾಕ್ ಇದ್ರೆ ಮುಂದಿನ ಚಕ್ರಗಳ ಮೇಲೆ ಸುಮಾರು 50 ಕೆಜಿ ಹೆಚ್ಚು ಕೂರತ್ತೆ, ತಿರುವಲ್ಲಿ ಮೂತಿ ಭಾರ ಅನ್ಸತ್ತೆ, ಪೆಟ್ರೋಲೂ ಜಾಸ್ತಿ ಕುಡಿಯತ್ತೆ. ಸ್ಮಾಲ್ ಬ್ಲಾಕ್‌ಗೆ ಸ್ಪೇರ್ ಪಾರ್ಟ್ಸ್ ಅಮೆರಿಕದಲ್ಲಿ ಇವತ್ತಿಗೂ ಆರಾಮಾಗಿ ಸಿಗತ್ತೆ. ನಾಲ್ಕು ಬೋಲ್ಟ್ ಕಂಡ್ರೆ ಖುಷಿಯಾಗಿ ತಗೊಳ್ಳಿ, ಬಿಗ್ ಬ್ಲಾಕ್ ರೇಟ್ ಮಾತ್ರ ಕೊಡ್ಬೇಡಿ.