ಮಗಳು ಊಟ ಬಿಟ್ಟು ಸೊರಗುತ್ತಿದ್ದಾಳೆ: ಯಾವ ಡಾಕ್ಟರಿಗೆ ತೋರಿಸಬೇಕು, ಮನೆಯಲ್ಲಿ ಏನು ಮಾಡಬೇಕು?

ನೀವು ಬರೆದಿರುವುದು ಇಷ್ಟು: ಮಗಳು ಪ್ರಥಮ ಪಿಯುಸಿ, 16 ವರ್ಷ. ಐದು ತಿಂಗಳಲ್ಲಿ 54 ಕೆ.ಜಿ.ಯಿಂದ 43ಕ್ಕೆ ಇಳಿದಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ಅದಕ್ಕೆ ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅನ್ನ, ಎಣ್ಣೆ, ತುಪ್ಪ ಬಿಟ್ಟಿದ್ದಾಳೆ. ಕೇಳಿದರೆ "ನಂಗೇನೂ ಆಗಿಲ್ಲ, ಇನ್ನೂ ದಪ್ಪ ಇದ್ದೀನಿ" ಅಂತಾಳೆ. ಯಾರಿಗೆ ತೋರಿಸಬೇಕು, ಮನೆಯಲ್ಲಿ ಏನು ಮಾಡಬೇಕು, ಬಡಾವಣೆಯ ಮಹಿಳಾ ಸಂಘದಲ್ಲಿ ಇದರ ಬಗ್ಗೆ ಒಂದು ಜಾಗೃತಿ ಕಾರ್ಯಕ್ರಮ ಮಾಡಬಹುದೇ ಎಂದು ಕೇಳಿದ್ದೀರಿ.

ಇದು ಹಟವಲ್ಲ, ವಯಸ್ಸಿನ ಶೋಕಿಯೂ ಅಲ್ಲ. ನೀವು ಹೇಳಿದ್ದೆಲ್ಲ ಅನೊರೆಕ್ಸಿಯಾ ನರ್ವೋಸಾ ಎಂಬ, ದಪ್ಪಗಾಗುವ ಹೆದರಿಕೆಯಿಂದ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆಯ ಕಡೆಗೇ ಬೆರಳು ಮಾಡುತ್ತದೆ. ಖಚಿತಪಡಿಸಬೇಕಾದವರು ಅವಳನ್ನು ಪರೀಕ್ಷಿಸುವ ವೈದ್ಯರು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಇದೂ ಒಂದು. "ಅವಳೇ ಒಪ್ಪಿಕೊಂಡು ಬರಲಿ, ಆಮೇಲೆ ತೋರಿಸೋಣ" ಎಂದು ದಯವಿಟ್ಟು ಕಾಯಬೇಡಿ. ತನಗೇನೂ ಆಗಿಲ್ಲ ಅನ್ನಿಸುವುದೇ ಈ ಕಾಯಿಲೆಯ ಒಂದು ಭಾಗ. ಜ್ವರ 104 ಇರುವ ಮಗುವಿನ ಒಪ್ಪಿಗೆಗೆ ನೀವು ಕಾಯುತ್ತಿರಲಿಲ್ಲ.

ಮೊದಲ ಕೆಲಸ ಕೌನ್ಸೆಲಿಂಗ್ ಅಲ್ಲ, ದೇಹದ ತಪಾಸಣೆ. ಅದೂ ಈ ವಾರದಲ್ಲೇ. ಮಕ್ಕಳ ತಜ್ಞರು ಅಥವಾ ಫಿಸಿಷಿಯನ್ ಹತ್ತಿರ ಹೋಗಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ ಮತ್ತು ಬಿಪಿ ನೋಡಲು ಹೇಳಿ. ಇಸಿಜಿ ಬೇಕೇ ಬೇಕು. ರಕ್ತಪರೀಕ್ಷೆಯಲ್ಲಿ ಒಂದು ವಿಷಯ ಗಮನಿಸಿ: ನಮ್ಮ ಲ್ಯಾಬ್‌ಗಳಲ್ಲಿ "ಎಲೆಕ್ಟ್ರೋಲೈಟ್ಸ್" ಎಂದು ಬರೆದುಕೊಟ್ಟರೆ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೇ ಮಾಡುತ್ತಾರೆ. ಇಲ್ಲಿ ಮುಖ್ಯವಾದ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ, ಬೇರೆಯಾಗಿ ಬರೆಸಬೇಕು. ಜೊತೆಗೆ ಸಕ್ಕರೆ, ರಕ್ತಕಣಗಳ ಎಣಿಕೆ, ಲಿವರ್, ಕ್ರಿಯಾಟಿನಿನ್, ಥೈರಾಯ್ಡ್. ತೂಕ ಇಳಿಯಲು ಮಧುಮೇಹ, ಥೈರಾಯ್ಡ್, ಕರುಳಿನ ಕಾಯಿಲೆಗಳೂ ಕಾರಣ ಇರಬಹುದು, ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಲ್ಲ ರಿಪೋರ್ಟ್ ನಾರ್ಮಲ್ ಬಂದರೂ ನಿರಾಳವಾಗಬೇಡಿ. ಈ ಕಾಯಿಲೆಯಲ್ಲಿ ರಕ್ತ ಬಹಳ ದಿನ ಸರಿಯಾಗಿಯೇ ಕಾಣುತ್ತಿರುತ್ತದೆ, ಹೃದಯ ಸೋಲುತ್ತಿರುತ್ತದೆ.

ಎಚ್ಚರವಾಗಿರುವಾಗ ಹಗಲಿನ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ಬಿಪಿ 90/45ಕ್ಕಿಂತ ಕಡಿಮೆ, ಮೈ ಬಿಸಿ 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ, ಎದ್ದು ನಿಂತರೆ ನಾಡಿ 30ಕ್ಕಿಂತ ಹೆಚ್ಚು ಜಿಗಿಯುವುದು, ತಲೆ ಸುತ್ತಿ ಬೀಳುವುದು, ಪೊಟ್ಯಾಸಿಯಂ ಅಥವಾ ಫಾಸ್ಫೇಟ್ ಇಳಿದಿರುವುದು, ಊಟ ನೀರು ಪೂರ್ತಿ ನಿಲ್ಲಿಸುವುದು, ಸಾಯುವ ಮಾತಾಡುವುದು: ಇವುಗಳಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ. ನಾಡಿಯನ್ನು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಐದು ನಿಮಿಷ ಮಲಗಿಸಿ ಪೂರ್ತಿ 60 ಸೆಕೆಂಡ್ ಎಣಿಸಿ, ಎರಡು ನಿಮಿಷ ನಿಲ್ಲಿಸಿ ಮತ್ತೆ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ನಿಧಾನವಾಗಿರುವ ನಾಡಿಯಲ್ಲಿ ಆ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ಈ ಮಕ್ಕಳು ಸುತ್ತಿ ಬರುವ ದಾರಿ ಬೇರೆಯೇ. ಮುಟ್ಟು ನಿಂತಿತೆಂದು ಸ್ತ್ರೀರೋಗ ತಜ್ಞರು, ಹೊಟ್ಟೆ ಉಬ್ಬರವೆಂದು ಗ್ಯಾಸ್ಟ್ರೋ, ಅಲ್ಲೊಂದು ಎಂಡೋಸ್ಕೋಪಿ, ಕೂದಲು ಉದುರಿತೆಂದು ಚರ್ಮದ ಡಾಕ್ಟರು, ಕೊನೆಗೆ ದೃಷ್ಟಿ ತೆಗೆಸುವುದು. ಹಾರ್ಮೋನ್ ಮಾತ್ರೆಯಿಂದ ರಕ್ತಸ್ರಾವ ಆಗುತ್ತದೆ, ಆದರೆ ಅದು ಮುಟ್ಟು ಮರಳಿದ ಲಕ್ಷಣವಲ್ಲ, ಮೂಳೆ ಸವೆಯುವುದನ್ನೂ ತಡೆಯುವುದಿಲ್ಲ. ಮೇಲಾಗಿ ತೂಕ ಸಾಲದು ಎಂದು ದೇಹ ಕೊಡುತ್ತಿರುವ ಒಂದು ಸ್ಪಷ್ಟ ಸುಳಿವನ್ನು ಮುಚ್ಚಿಹಾಕುತ್ತದೆ. ಆ ಮಾತ್ರೆಯ ಬಗ್ಗೆ ಬರೆದುಕೊಟ್ಟವರಲ್ಲೇ ತೂಕದ ವಿಷಯ ಹೇಳಿ ಮತ್ತೆ ಕೇಳಿ. ಉಪವಾಸದಲ್ಲಿರುವ ದೇಹ ಶಕ್ತಿ ಉಳಿಸಲು ಥೈರಾಯ್ಡ್‌ನ ಟಿ3 ಹಾರ್ಮೋನನ್ನು ಇಳಿಸಿಕೊಳ್ಳುತ್ತದೆ. ಅದನ್ನು ಕಂಡು ಥೈರಾಯ್ಡ್ ಮಾತ್ರೆ ಕೊಟ್ಟರೆ ತೂಕ ಇನ್ನೂ ಇಳಿಯುತ್ತದೆ, ಹೃದಯಕ್ಕೂ ಹೊರೆ.

ಈಗ ಅಪಾಯದ ಮಾತು. ನಿಮ್ಮ ಮಗಳು ಐದು ತಿಂಗಳಲ್ಲಿ ದೇಹತೂಕದ ಐದನೇ ಒಂದು ಭಾಗ ಕಳೆದುಕೊಂಡಿದ್ದಾಳೆ. ಇಂಥವರಿಗೆ ದಿಢೀರನೆ ಉಣ್ಣಿಸಲು ಶುರು ಮಾಡಿದರೆ ರೀಫೀಡಿಂಗ್ ಸಿಂಡ್ರೋಮ್ ಬರಬಹುದು. ಊಟ ಹೋದೊಡನೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಅಲ್ಪಸ್ವಲ್ಪ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳು ಒಮ್ಮೆಗೇ ಎಳೆದುಕೊಳ್ಳುತ್ತವೆ, ಹೃದಯದ ಬಡಿತ ಏರುಪೇರಾಗುತ್ತದೆ. ಕಾಲು ಊದುವುದು, ಏದುಸಿರು, ಗೊಂದಲದ ಮಾತು ಇದರ ಚಿಹ್ನೆ. ಹೆಚ್ಚಾಗಿ ಮೊದಲ ಒಂದು ವಾರದಲ್ಲಿ. ಹಾಗಾಗಿ ಎಷ್ಟರಿಂದ ಶುರು ಮಾಡಬೇಕೆಂದು ವೈದ್ಯರು ಹೇಳಬೇಕು. ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಆ ವಾರ ಮತ್ತೆಮತ್ತೆ ಫಾಸ್ಫೇಟ್ ನೋಡುತ್ತಾ ಏರಿಸಬೇಕು. ಸುಸ್ತು ಅಂದರೆ ಒಂದು ಬಾಟಲಿ ಗ್ಲೂಕೋಸ್ ಡ್ರಿಪ್ ಹಾಕುವ ರೂಢಿ ನಮ್ಮ ನರ್ಸಿಂಗ್ ಹೋಮ್‌ಗಳಲ್ಲಿದೆ. ಇವಳಿಗೆ ಥಯಾಮಿನ್ ಇಲ್ಲದೆ, ಫಾಸ್ಫೇಟ್ ನೋಡದೆ ಅದನ್ನು ಹಾಕುವುದು ಅಪಾಯ, ಬಾಯಿಬಿಟ್ಟು ಹೇಳಿ ತಡೆಯಿರಿ. ಅಪಾಯದ ಹೆದರಿಕೆಯಿಂದ ದಿನಗಟ್ಟಲೆ ಗಂಜಿಯಲ್ಲೇ ಇಡುವುದೂ ತಪ್ಪೇ. ತೂಕ ಇನ್ನೂ ಇಳಿಯುತ್ತದೆ.

ಮನೋವೈದ್ಯರ ವಿಷಯ. ಈ ಕಾಯಿಲೆಗೆಂದೇ ಇರುವ ವಾರ್ಡುಗಳು ನಮ್ಮಲ್ಲಿ ಬಹಳ ಕಡಿಮೆ. ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ, ಬೇರೆ ಊರಾದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ. ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಭೇಟಿಯಲ್ಲೇ ಮೂರು ಪ್ರಶ್ನೆ ಕೇಳಿ: ಅನೊರೆಕ್ಸಿಯಾ ಇರುವವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ? ಅಪ್ಪ ಅಮ್ಮನನ್ನು ಚಿಕಿತ್ಸೆಯಲ್ಲಿ ಸೇರಿಸುತ್ತೀರಾ? ತೂಕ, ನಾಡಿ, ರಕ್ತವನ್ನು ಪ್ರತಿ ವಾರ ನೋಡುವವರು ಯಾರು? ಎರಡನೆಯದಕ್ಕೆ "ಬೇಡ, ಅವಳೊಬ್ಬಳೇ ಬರಲಿ" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಡಯಟೀಷಿಯನ್ ಆರಿಸುವಾಗಲೂ ತೂಕ ಇಳಿಸುವ ಪ್ಯಾಕೇಜ್ ಮಾರುವವರ ಹತ್ತಿರ ಹೋಗಬೇಡಿ. ವಿಮೆ ಇದ್ದರೆ ಕೇಳಿ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ.

ಈ ವಯಸ್ಸಿನವರಿಗೆ ಹೆಚ್ಚು ಪುರಾವೆ ಇರುವ ಚಿಕಿತ್ಸೆ ಕುಟುಂಬ ಆಧಾರಿತ ಚಿಕಿತ್ಸೆ, 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಆರರಿಂದ ಹನ್ನೆರಡು ತಿಂಗಳು, ಸುಮಾರು 20 ಭೇಟಿ. ಮೊದಲ ಹಂತದಲ್ಲಿ ಊಟದ ಪೂರ್ತಿ ಹೊಣೆ ಅಪ್ಪ ಅಮ್ಮನದು. ತೂಕ ಬಂದಮೇಲೆ ಮೆಲ್ಲಗೆ ಅವಳ ಕೈಗೆ ಮರಳಿಸುವುದು ಎರಡನೆಯದು. ಓದು, ಸ್ನೇಹಿತರು, ಅವಳ ವಯಸ್ಸಿನ ಬೇರೆ ವಿಷಯ ಮೂರನೆಯದು. ತೂಕ ತರಿಸುವ ಮಾತ್ರೆ ಇಲ್ಲ. ಆತಂಕ ಮಿತಿಮೀರಿದರೆ ಕೆಲವೊಮ್ಮೆ ಒಲಾಂಜಪೈನ್ ಎಂಬ ಮನೋರೋಗದ ಮಾತ್ರೆ ಕೊಡುತ್ತಾರೆ, ಅಷ್ಟೇ. ಊಟವೇ ಔಷಧ.

ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ತಾನೇ ಉಣ್ಣುತ್ತಾಳೆ ಎಂದು ತುಂಬ ಜನ ತಿಳಿಯುತ್ತಾರೆ. ಅದು ತಿರುವುಮುರುವು. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ತೂಕದ ಸುಮಾರು ಕಾಲು ಭಾಗ ಇಳಿಯುವ ಹೊತ್ತಿಗೆ ಅವರಿಗೆ ಹಗಲು ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಡುವುದು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಕೆದಕುವುದು, ಸಿಡುಕು, ಖಿನ್ನತೆ. ಮಗಳು ಅಡುಗೆ ವಿಡಿಯೊ ನೋಡುತ್ತಾ, ಎಲ್ಲರಿಗೂ ಕೇಕ್ ಮಾಡಿ ಬಡಿಸಿ ತಾನು ಮುಟ್ಟದೇ ಇದ್ದರೆ ಇದೇ ಕಾರಣ. ಹಸಿದ ಮಿದುಳಿನ ಜೊತೆ ವಾದ ಮಾಡಿ ಗೆಲ್ಲಲಾಗದು, ಮೊದಲು ಅದಕ್ಕೆ ಊಟ ಹೋಗಬೇಕು.

ವೈದ್ಯರು ಮನೆಯಲ್ಲೇ ಶುರು ಮಾಡಿ ಎಂದಮೇಲೆ ದಿನಕ್ಕೆ ಆರು ಸಲ, ಮೂರು ಗಂಟೆಗೊಮ್ಮೆ: ಮೂರು ಊಟ, ಮೂರು ತಿಂಡಿ. ಏನು, ಎಷ್ಟು ಎಂಬುದನ್ನು ನೀವೇ ತೀರ್ಮಾನಿಸಿ, ನೀವೇ ಬಡಿಸಿ. ಅಡುಗೆ ಮಾಡುವಾಗ ಅವಳು ಅಡುಗೆಮನೆಯಲ್ಲಿ ಇರುವುದು ಬೇಡ. ಹೊಟ್ಟೆ ಖಾಲಿಯಾಗುವುದು ಈಗ ನಿಧಾನ, ಆದ್ದರಿಂದ ರಾಶಿ ಕಡಿಮೆ ಇದ್ದು ಶಕ್ತಿ ಹೆಚ್ಚಿರಬೇಕು. ಸೌತೆಕಾಯಿ ಕೋಸಂಬರಿ, ನೀರು ಮಜ್ಜಿಗೆ, ದೊಡ್ಡ ಮುದ್ದೆ ಒಳ್ಳೆಯ ಆಹಾರವೇ, ಆದರೆ ಬೇಗ ಹೊಟ್ಟೆ ತುಂಬಿಸಿಬಿಡುತ್ತವೆ. ಅದೇ ಉಪ್ಪಿಟ್ಟಿಗೆ ಒಂದು ದೊಡ್ಡ ಚಮಚ ತುಪ್ಪ ಹೆಚ್ಚು ಹಾಕಿದರೆ 120–130 ಕ್ಯಾಲೊರಿ ಸೇರುತ್ತದೆ, ತಟ್ಟೆ ದೊಡ್ಡದಾಗುವುದಿಲ್ಲ. ಟೋನ್ಡ್ ಹಾಲಿನ ಬದಲು ಕೊಬ್ಬು ಹೆಚ್ಚಿರುವ ಹಾಲು, ಕೆನೆಮೊಸರು, ಕಾಯಿ ಚಟ್ನಿ, ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು, ಮಲಗುವ ಮುಂಚೆ ಬಾದಾಮಿ ಹಾಲು. ತೂಕ ಏರುವ ಹಂತದಲ್ಲಿ ಅನೇಕ ಮಕ್ಕಳಿಗೆ ದಿನಕ್ಕೆ 3000 ಕ್ಯಾಲೊರಿ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಅಷ್ಟು ಕೊಟ್ಟರೂ ತೂಕ ನಿಂತಿತೆಂದು ಗಾಬರಿ ಬೇಡ, ಮತ್ತೆ ಉಂಡಾಗ ದೇಹ ಹೆಚ್ಚು ಉರಿಸುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಏರಿದರೆ ಸರಿಯಾದ ದಾರಿ.

ಊಟಕ್ಕೆ ಅರ್ಧ ಗಂಟೆ, ತಿಂಡಿಗೆ ಕಾಲು ಗಂಟೆ. ಜೊತೆಗೆ ಕೂತು ನೀವೂ ಉಣ್ಣಿ. ಮುಗಿದಮೇಲೆ ಒಂದು ಗಂಟೆ ಒಟ್ಟಿಗೇ ಇರಿ: ಚೌಕಾಬಾರ, ಧಾರಾವಾಹಿ, ಏನಾದರೂ. ಕ್ಯಾಲೊರಿಯ ಚರ್ಚೆ ತಟ್ಟೆಯ ಮುಂದೆ ಬೇಡ. "ಕಷ್ಟ ಅಂತ ಗೊತ್ತು ಪುಟ್ಟಿ, ನಾನಿಲ್ಲೇ ಇದ್ದೀನಿ, ಇನ್ನೊಂದು ತುತ್ತು." ಇಷ್ಟೇ ಮಾತು, ಬೇಕಾದರೆ ನೂರು ಸಲ. ಅತ್ತು ಕೂಗಾಡಿ ತಟ್ಟೆ ತಳ್ಳುತ್ತಾಳೆ. ಆಗ ಅಪ್ಪ "ಹೋಗ್ಲಿ ಬಿಡೇ, ಅರ್ಧ ತಿಂದಳಲ್ಲ" ಅಂದರೆ ಇಡೀ ದಿನದ ಕೆಲಸ ಹಾಳು. ಇಬ್ಬರೂ ಮೊದಲೇ ಮಾತಾಡಿಕೊಂಡು ಒಂದೇ ಮಾತಿಗೆ ನಿಲ್ಲಿ. ಹೊಟ್ಟೆ ಉಬ್ಬರ ಮೊದಲ ಕೆಲವು ವಾರ ನಿಜವಾಗಿಯೂ ಇರುತ್ತದೆ, ನಟನೆಯಲ್ಲ. ಬಿಸಿನೀರಿನ ಬ್ಯಾಗ್ ಇಡಿ, ಊಟ ಕಡಿಮೆ ಮಾಡಬೇಡಿ. ವ್ಯಾಯಾಮ, ಡ್ಯಾನ್ಸ್ ಕ್ಲಾಸ್, ಕಾಲೇಜಿನ ಆಟ ಸದ್ಯ ಬಂದ್. ಸಂಕಷ್ಟಿ, ಏಕಾದಶಿ, ಶನಿವಾರದ ಒಪ್ಪತ್ತು ಕೂಡ. ವ್ರತದ ಹೆಸರಲ್ಲಿ ಊಟ ತಪ್ಪಿಸುವುದು ನಮ್ಮ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹೊಗಳಿಕೆಯೂ ಸಿಗುತ್ತದೆ. ಕಾಯಿಲೆಯವರಿಗೆ ಉಪವಾಸವಿಲ್ಲ ಎಂದು ಅಜ್ಜಿಯ ಬಾಯಲ್ಲೇ ಹೇಳಿಸಿ. ಮತ್ತೆ, ಸ್ವಲ್ಪ ತೂಕ ಬಂದಾಗ ನೆಂಟರು ಪ್ರೀತಿಯಿಂದಲೇ "ಈಗ ಮೈ ತುಂಬ್ಕೊಂಡು ಲಕ್ಷಣವಾಗಿದ್ದೀಯ" ಅಂತಾರೆ. ಅವಳ ಕಿವಿಗೆ ಅದು "ದಪ್ಪಗಾದೆ" ಎಂದೇ ಬೀಳುತ್ತದೆ. ಮನೆಗೆ ಬರುವ ಮೊದಲೇ ಫೋನ್ ಮಾಡಿ ತಿಳಿಸಿ. ತೂಕ ಬರುವಾಗ ಅವಳ ಮನಸ್ಸು ಮೊದಲಿಗಿಂತ ಕೆಡಬಹುದು, ಅಲ್ಲಿಗೇ ನಿಲ್ಲಿಸಿಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಎಷ್ಟು ತೂಕ ಸಾಕು ಎಂಬುದನ್ನು ಅವಳದೇ ಹಳೆಯ ಬೆಳವಣಿಗೆಯ ಗೆರೆ ನೋಡಿ, ಮಾತ್ರೆಯಿಲ್ಲದೆ ಮುಟ್ಟು ಮರಳಿದ್ದು ನೋಡಿ ನಿರ್ಧರಿಸಬೇಕು.

ಊಟವಾದೊಡನೆ ಬಾತ್‌ರೂಮಿಗೆ ಹೋಗುವುದು, ಕೆನ್ನೆಯ ಬುಡ ಊದುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು ತಿಂದದ್ದನ್ನು ವಾಂತಿ ಮಾಡುತ್ತಿರುವ ಸುಳಿವು ಇರಬಹುದು, ಕಂಡರೆ ವೈದ್ಯರಿಗೆ ಹೇಳಿ, ಪೊಟ್ಯಾಸಿಯಂ ಕೂಡಲೇ ನೋಡಬೇಕು. ತೂಕ ಸರಿಯಿದ್ದೂ ಇದೇ ಆಗುತ್ತಿದ್ದರೆ ಅದು ಬುಲಿಮಿಯಾ (ಒಮ್ಮೆಗೇ ವಿಪರೀತ ತಿಂದು ವಾಂತಿ ಮಾಡುವಂಥ ಕಾಯಿಲೆ) ಇರಬಹುದು, ಅದರ ಚಿಕಿತ್ಸೆ ಬೇರೆ. ಮುಚ್ಚಿಡುವ ಉಪಾಯಗಳ ಪಟ್ಟಿಯನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಇದನ್ನು ಮಕ್ಕಳೂ ಓದುತ್ತಾರೆ.

ಮಹಿಳಾ ಸಂಘದ ಕಾರ್ಯಕ್ರಮಕ್ಕೂ ಇದೇ ಮೊದಲ ನಿಯಮ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿನಿಯರಿಗೆ ಇಂಥ ಊಟದ ಕಾಯಿಲೆಗಳಿಂದ ಚೇತರಿಸಿಕೊಂಡವರು ತಮ್ಮ ಅನುಭವ ಹೇಳಿದರು. ಕೇಳಿದವರಲ್ಲಿ ಆಮೇಲೆ ಲಕ್ಷಣಗಳು ಕೇಳದವರಿಗಿಂತ ಸ್ವಲ್ಪ ಹೆಚ್ಚೇ ಕಂಡವು. ಆದ್ದರಿಂದ ಸೊರಗಿದವರ ಫೋಟೊ ಬೇಡ, ತೂಕದ ಅಂಕಿ ಬೇಡ, "ಅವಳು ದಿನಕ್ಕೆ ಒಂದೇ ಸೇಬು ತಿನ್ನುತ್ತಿದ್ದಳು" ಎಂಬ ಕಥೆ ಬೇಡ. ನಿಮ್ಮ ಮಗಳ ವಿಷಯವನ್ನಂತೂ ಸಭೆಗೆ ತರಬೇಡಿ, ಅದು ಅವಳದು. ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ನಡ್ರೋಗಾ ಪ್ರಾಂತ್ಯದ ಉದಾಹರಣೆ ಹೇಳಬಹುದು. 1995ರಲ್ಲಿ ಟಿವಿ ಬಂದ ಹೊಸದರಲ್ಲಿ ಆ್ಯನ್ ಬೆಕರ್ ಎಂಬ ಸಂಶೋಧಕಿ ಅಲ್ಲಿನ ಶಾಲಾ ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲು ವಾಂತಿ ಮಾಡುತ್ತೇನೆ ಅಂದವರು ಯಾರೂ ಇರಲಿಲ್ಲ. 1998ರಲ್ಲಿ ಶೇ 11ರಷ್ಟು ಹುಡುಗಿಯರು ಹೌದೆಂದರು. ಮೈತುಂಬಿಕೊಂಡಿರುವುದೇ ಚೆಂದ ಎಂದಿದ್ದ ಊರು ಅದು.

ಕಾರ್ಯಕ್ರಮ ದೊಡ್ಡವರಿಗೇ ಇಡಿ, ಒಂದು ಗಂಟೆ ಸಾಕು. ಭಾಷಣಕ್ಕಿಂತ ಹೆಚ್ಚು ಫಲ ಕೊಡುವುದು ಅವರನ್ನೇ ಮಾತಾಡಿಸುವುದು: ನಾಲ್ಕು ನಾಲ್ಕು ಜನ ಕೂತು, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಮೈ ಬಗ್ಗೆ ಕೇಳಿದ ಮಾತುಗಳನ್ನು ಬರೆದು, ಪ್ರತಿಯೊಂದಕ್ಕೂ ಬದಲಿ ಮಾತು ಹುಡುಕಲಿ. "ಏನೇ ಡುಮ್ಮಿ", "ಕಡ್ಡಿ ಥರ ಆಗಿದ್ದೀಯ", "ಈ ಬಣ್ಣಕ್ಕೆ ಈ ಸೀರೆನಾ", "ಮದುವೆ ಹೊತ್ತಿಗೆ ಐದು ಕೆ.ಜಿ. ಇಳಿಸು". ತೆಳ್ಳಗಿರುವವರನ್ನು ಆಡಿಕೊಳ್ಳುವುದೂ ಅದೇ ಗಾಯ. ಹತ್ತಿರದ ಶಾಲೆಗೆ ಒಂದು ಮನವಿ ಕೊಡಿ: ಆರೋಗ್ಯ ತಪಾಸಣೆಯಲ್ಲಿ ತೂಕವನ್ನು ತರಗತಿಯೆದುರು ಕೂಗಿ ಹೇಳಬಾರದು, ಪರದೆಯ ಹಿಂದೆ ತೂಗಿ ಹಾಳೆಯನ್ನು ಪೋಷಕರ ಕೈಗೆ ಕೊಡಬೇಕು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕ ಹಾಕಿಸುವ ಪ್ರಾಜೆಕ್ಟ್ ಕೈಬಿಡಬೇಕು. ಗಂಡುಮಕ್ಕಳಲ್ಲೂ ಈ ಕಾಯಿಲೆ ಇದೆ. ಅಲ್ಲಿ ಅದು ಹಲವು ಸಲ ಸಿಕ್ಸ್‌ಪ್ಯಾಕ್, ಪ್ರೋಟೀನ್ ಡಬ್ಬ, ಕೆಲವೊಮ್ಮೆ ಸ್ಟಿರಾಯ್ಡ್ ಇಂಜೆಕ್ಷನ್ನಿನ ರೂಪದಲ್ಲಿರುತ್ತದೆ, ಯಾರಿಗೂ ಕಾಯಿಲೆ ಅನ್ನಿಸುವುದೇ ಇಲ್ಲ. ಆ ಸಭೆಗೆ ಅಪ್ಪಂದಿರನ್ನೂ ಬಡಾವಣೆಯ ಜಿಮ್ ಟ್ರೈನರನ್ನೂ ಕರೆಯಿರಿ.