ಹಳೇ 1050 ಟಿಐ ಕಾರ್ಡಿನಲ್ಲಿ ಜಿಟಿಎ 5 ತಡವರಿಸ್ತದೆ, ಯಾವ ಸೆಟ್ಟಿಂಗ್ ಇಳಿಸಲಿ?

ರಾಯಚೂರಿನಿಂದ ಕೇಳೀರಿ: 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ್ಯಾಮ್, 1080ಪಿ ಮಾನಿಟರ್. ಆಟ ಶುರುವಿನಲ್ಲಿ ಚೆನ್ನಾಗಿ ಓಡ್ತದೆ, ಅರ್ಧ ಗಂಟೆಗೆ ತಡವರಿಸ್ತದೆ, ಎಲ್ಲಾ ಸೆಟ್ಟಿಂಗ್ ಕೆಳಗಿಳಿಸಿದರೂ ಅಷ್ಟೇ. ಕಾರ್ಡ್ ಬದಲಿಸಲೇಬೇಕಾ ಅಂತ ಪ್ರಶ್ನೆ.

ಬೇಡ್ರಿ, ಇಷ್ಟು ಬೇಗ ದುಡ್ಡು ಸುರೀಬೇಡ್ರಿ. ನಾನು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಇದೇ ಕಾರ್ಡಿನಲ್ಲಿ ಇವತ್ತಿಗೂ ಆಡ್ತೀನಿ.

"ಅರ್ಧ ಗಂಟೆಗೆ" ಅಂದಿರಲ್ಲ, ರೋಗ ಅಲ್ಲೇ ಇದೆ. ಸೆಟ್ಟಿಂಗ್ ಭಾರ ಆಗಿದ್ದರೆ ಮೊದಲನೇ ನಿಮಿಷದಿಂದಲೇ ತಡವರಿಸಬೇಕಿತ್ತು. ತಡವಾಗಿ ಶುರುವಾಗೋದು ಹೆಚ್ಚಾಗಿ ಬಿಸಿ. ಈ ಕಾರ್ಡ್ ಸುಮಾರು 83 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಕೋಣೆಯೇ 40ರ ಹತ್ತಿರ ಇರ್ತದೆ. ಕೋಣೆಯ ಶಾಖ ಎಷ್ಟು ಏರಿದರೆ ಕಾರ್ಡಿನ ಚಿಪ್ಪಿನದೂ ಹೆಚ್ಚುಕಮ್ಮಿ ಅಷ್ಟೇ ಏರ್ತದೆ.

ಹೋದ ಬೇಸಿಗೆಯಲ್ಲಿ ನನಗೂ ಇದೇ ಆಯ್ತು. ಕಾರ್ಡಿನ ಶಾಖ, ವೇಗ ತೋರಿಸೋ ಎಂಎಸ್ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿ ನೋಡಿದರೆ ಶಾಖ 84 ಡಿಗ್ರಿ, ಕ್ಲಾಕ್ (ಚಿಪ್ಪಿನ ವೇಗ) 1700 ಮೆಗಾಹರ್ಟ್ಸ್‌ನಿಂದ 1400ರ ಕಡೆ ಜಾರಿತ್ತು. ಕಾರ್ಡ್ ಬಿಚ್ಚಿದೆ. ನಮ್ಮ ಮನೆ ಅದಿರು ಲಾರಿ ಓಡಾಡೋ ರಸ್ತೆಗೆ ಹತ್ತಿರ. ಫ್ಯಾನಿನ ಕೆಳಗೆ, ಬಿಸಿ ಹೊರಹಾಕೋ ಹೀಟ್‌ಸಿಂಕಿನ ಲೋಹದ ಅಲಗುಗಳ ಮಧ್ಯೆ ಕೆಂಪು ಧೂಳು ಕಂಬಳಿ ಥರ ಹೆಣೆದುಕೊಂಡು ಕೂತಿತ್ತು, ಚಿಮಟದಿಂದ ಎಳೆದರೆ ಉದ್ದಕ್ಕೆ ಪಟ್ಟಿಯಾಗಿ ಬಂತು. ಗಾಳಿ ಹೋಗೋದಕ್ಕೆ ದಾರಿಯೇ ಇರಲಿಲ್ಲ. ಬ್ಲೋವರ್ ಹೊಡೆದು, ಚಿಪ್ಪಿನ ಬಿಸಿಯನ್ನ ಹೀಟ್‌ಸಿಂಕಿಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನ ಒರೆಸಿ ಹೊಸದು ಹಚ್ಚಿದೆ. ಅದೇ ಆಟ, ಅದೇ ಮಧ್ಯಾಹ್ನದ ಹೊತ್ತು: 72 ಡಿಗ್ರಿ. ಒಂದೇ ಒಂದು ಸೆಟ್ಟಿಂಗ್ ಮುಟ್ಟದೆ ತಡವರಿಕೆ ಹೋಯ್ತು. ನೀವು ಮಾಡುವಾಗ ಪ್ಲಗ್ ಕಿತ್ತಿಟ್ಟಿರ್ರಿ, ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಹಿಡಿದು ಗಾಳಿ ಹೊಡೀರಿ; ಬಿಟ್ಟರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗ್ತದೆ. ಕೋಣೆಯಲ್ಲಿಡೋ ನೀರಿನ ಕೂಲರ್ ಮಾತ್ರ ಸಿಪಿಯು ಡಬ್ಬಿಗೆ ನೇರ ತಿರುಗಿಸಬೇಡ್ರಿ, ಅದು ತೇವದ ಗಾಳಿ. ಇಷ್ಟಾದರೂ ಬಿಸಿ ಇಳಿಯದಿದ್ದರೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯೋ ಕರೆಂಟಿನ ಮಿತಿ) ಶೇಕಡಾ 85ಕ್ಕೆ ತನ್ನಿ. ಕೆಲವೇ ಫ್ರೇಮ್ (ಸೆಕೆಂಡಿಗೆ ಪರದೆ ಮೇಲೆ ಬರೋ ಚಿತ್ರ) ಹೋಗ್ತವೆ, ಆದರೆ ಆಟ ಒಂದೇ ಸಮ ಓಡ್ತದೆ.

ಈಗ ಸೆಟ್ಟಿಂಗ್. ಎಲ್ಲಾ ಕೆಳಗಿಳಿಸೋದು ನಮ್ಮ ಹುಡುಗರೆಲ್ಲಾ ಮಾಡೋ ತಪ್ಪು, ಯಾಕಂದ್ರೆ ಎಲ್ಲಾ ಸೆಟ್ಟಿಂಗೂ ಒಂದೇ ಕೆಲಸ ಹೇಳೋದಿಲ್ಲ. ಟೆಕ್ಸ್‌ಚರ್ (ವಸ್ತುಗಳ ಮೈಮೇಲೆ ಹೊದಿಸೋ ಚಿತ್ರ) ತಿನ್ನೋದು ಕಾರ್ಡಿನ ಮೆಮೊರಿ. ಚಿಪ್ಪಿನ ಶ್ರಮ ಅದಕ್ಕೆ ಕಡಿಮೆ. ನಿಮ್ಮ 4 ಜಿಬಿಯಲ್ಲಿ ಹಿಡಿಯೋ ತನಕ ಹೈ ಇಟ್ಟರೂ ಫ್ರೇಮ್ ಹೆಚ್ಚೇನೂ ಕಳೆಯಲ್ಲ. ನಾರ್ಮಲ್‌ಗೆ ಇಳಿಸಿದರೆ ಗೋಡೆ, ರಸ್ತೆ, ಮುಖ ಎಲ್ಲಾ ಮಸುಕಾಗಿ ಕೈಗೆ ಬರೋದು ಒಂದೆರಡು ಫ್ರೇಮ್. ಗ್ರಾಫಿಕ್ಸ್ ಪುಟದ ಮೇಲ್ಗಡೆ ಎಷ್ಟು ವಿಡಿಯೋ ಮೆಮೊರಿ ಖರ್ಚಾಗ್ತದೆ ಅಂತ ಆಟವೇ ಪಟ್ಟಿಯಲ್ಲಿ ತೋರಿಸ್ತದೆ, ಅದು ತುಂಬಿ ತುಳುಕದಂಗೆ ನೋಡಿಕೊಳ್ರಿ.

ನಿಜವಾಗಿ ಹಿಂಡೋದು ಎಂಎಸ್ಎಎ, ಅಂದ್ರೆ ಚಿತ್ರದ ಅಂಚುಗಳನ್ನ ನುಣುಪು ಮಾಡೋ ಸೆಟ್ಟಿಂಗ್. ಅದನ್ನ ಪೂರ್ತಿ ಆಫ್ ಮಾಡಿ, ಅದೇ ಕೆಲಸವನ್ನ ಹಗುರವಾಗಿ ಮಾಡೋ ಎಫ್ಎಕ್ಸ್ಎಎ ಆನ್ ಮಾಡ್ರಿ. ಎರಡನೇದು ಹುಲ್ಲು: ಪೇಟೆಯಲ್ಲಿ 60 ಫ್ರೇಮ್ ಬಂದು ಊರಾಚೆ ಗುಡ್ಡಕ್ಕೆ ಹೋದ ಕೂಡಲೇ 40ಕ್ಕೆ ಬಿದ್ದರೆ ಅದು ಹುಲ್ಲಿನ ಕೆಲಸ, ನಾರ್ಮಲ್ ಮಾಡ್ರಿ. ನೆರಳು ನಾರ್ಮಲ್ ಅಥವಾ ಹೈ ಸಾಕು. ಅಡ್ವಾನ್ಸ್ಡ್ ಪುಟದಲ್ಲಿರೋ ಉದ್ದ ನೆರಳು, ಹೈ ರೆಸಲ್ಯೂಷನ್ ನೆರಳು, ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಎಲ್ಲಾ ಬಂದ್. ಇನ್ನು 2025ರಲ್ಲಿ ಬಂದ ಎನ್‌ಹಾನ್ಸ್ಡ್ ಆವೃತ್ತಿ ಹಾಕಿದ್ದರೆ ತೆಗೆದು ಲೆಗಸಿ ಅನ್ನೋ ಹಳೇ ಆವೃತ್ತಿ ಹಾಕ್ರಿ. ಹೊಸದು ಕೇಳೋ ಕನಿಷ್ಠ ಕಾರ್ಡೇ ಜಿಟಿಎಕ್ಸ್ 1630.

ತಪ್ಪು ಕಾರ್ಡಿನದೇ ಅಂತಲೂ ಅಲ್ಲ. ಆಟ ತಡವರಿಸುವಾಗ ಆಫ್ಟರ್‌ಬರ್ನರ್‌ನಲ್ಲಿ ಜಿಪಿಯು (ಕಾರ್ಡಿನ ಚಿಪ್) ಬಳಕೆ ಶೇಕಡಾ 97-99 ಇದ್ದರೆ ಕಾರ್ಡೇ ಸುಸ್ತಾಗಿದೆ. ಅದು 60ರಲ್ಲಿ ನಿಂತಿದ್ದರೆ ಪ್ರೊಸೆಸರ್ ಅಥವಾ ರ್ಯಾಮ್ ಸಾಲ್ತಿಲ್ಲ. ಆಗ ನೆರಳು, ಹುಲ್ಲು ಇಳಿಸಿ ಉಪಯೋಗ ಇಲ್ಲ, ಜನಸಂದಣಿಯ ಪಾಪ್ಯುಲೇಷನ್ ಡೆನ್ಸಿಟಿ ಇಳಿಸ್ರಿ. ನಿಮ್ಮ 8 ಜಿಬಿ ಒಂದೇ ಕಡ್ಡಿಯಾ, 4ರ ಎರಡಾ? ಒಂದೇ ಆಗಿದ್ದರೆ ಅಂಥದ್ದೇ ಇನ್ನೊಂದು ಹಾಕಿದರೆ 16 ಜಿಬಿ ಆಗ್ತದೆ, ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡೋ ಡ್ಯುಯಲ್ ಚಾನೆಲ್ಲೂ ಸಿಗ್ತದೆ. ಕಾರ್ಡ್ ಬದಲಿಸೋದಕ್ಕಿಂತ ಇದು ಸಾಮಾನ್ಯವಾಗಿ ಕಮ್ಮಿ ಖರ್ಚು.

ರೆಸಲ್ಯೂಷನ್ ಕೊನೆಗೆ ಮುಟ್ರಿ. 1920×1080 ಅಂದ್ರೆ ಸುಮಾರು 20.7 ಲಕ್ಷ ಪಿಕ್ಸೆಲ್, 1600×900 ಅಂದ್ರೆ 14.4 ಲಕ್ಷ. ಕಾರ್ಡ್ ಬಿಡಿಸಬೇಕಾದ ಪಿಕ್ಸೆಲ್ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗ್ತದೆ, ಅದಕ್ಕೇ ಫ್ರೇಮ್ ಥಟ್ಟನೆ ಏರ್ತದೆ, ಆದರೆ ಅಕ್ಷರವೂ ಮಂಜಾಗ್ತದೆ. ಬೇರೆ ಹೊಸ ಆಟಗಳಲ್ಲಿ ಎಫ್ಎಸ್ಆರ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡೋ ಸೆಟ್ಟಿಂಗ್) ಇದ್ದರೆ ಅದನ್ನೇ ಬಳಸ್ರಿ, ಅದರ 1ರಿಂದ 3ರವರೆಗಿನ ಆವೃತ್ತಿಗಳು ಈ ಕಾರ್ಡಿನಲ್ಲೂ ಕೆಲಸ ಮಾಡ್ತವೆ. ಅಂಥದ್ದೇ ಎನ್ವಿಡಿಯಾದ ಡಿಎಲ್ಎಸ್ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು.

ಮೊದಲು ಧೂಳು ತೆಗೀರಿ. ಆಮೇಲೆ ಆಟ ಶುರು ಮಾಡಿದಾಗಿನದು, ಅರ್ಧ ಗಂಟೆ ಆದಮೇಲಿನದು, ಎರಡೂ ಹೊತ್ತಿನ ಶಾಖ, ಕ್ಲಾಕ್, ಜಿಪಿಯು ಬಳಕೆ ಇಲ್ಲೇ ಕೆಳಗೆ ಬರೀರಿ. ಆ ಅಂಕಿ ನೋಡಿ ನಿಮ್ಮ ಮಶೀನಿಗೆ ಮುಂದೇನು ಅಂತ ಹೇಳ್ತೀನಿ.